ಕದಲದ ಮುಳ್ಳು

ಒನೇಲ್ಯಾ ಬಂದರಿನಲ್ಲಿ ಎಣ್ಣೆ ಎಂದರೆ ಆಲಿವ್ ಎಣ್ಣೆ.
ನವೆಂಬರಿನಲ್ಲಿ ಗಾಣ ಶುರುವಾದರೆ
ಬೀದಿನಾಯಿಯ ಮೈಗೂ ಅದೇ ಘಮ.
ನನ್ನ ಗ್ಯಾರೇಜಿನದು ಬೇರೆ ಎಣ್ಣೆ:
ಕಪ್ಪು, ಸುಟ್ಟದ್ದು, ಯಾರೂ ರೊಟ್ಟಿಗೆ ಸವರದ್ದು.

ನೀವೆಸ್ ತಂದದ್ದು ಎಪ್ಪತ್ನಾಲ್ಕರ ಆಲ್ಫಾ ಸ್ಪೈಡರ್,
ಬಿಸಿಲುಂಡು ದಾಳಿಂಬೆ ಸಿಪ್ಪೆಯಾದ ಕೆಂಪು.
ಪಕ್ಕದ ಸೀಟಿನಲ್ಲಿ ತಾಯಿ ಯೊಲಾಂದಾ,
ಎಂಬತ್ತಾರು ವರ್ಷ, ತಲೆಗೆ ರುಮಾಲು, ಮಡಿಲಲ್ಲಿ ಕೈಚೀಲ.
ಇಳಿಯಲೊಲ್ಲೆ ಎಂದರು.

"ಏರಿನಲ್ಲಿ ಒಳಗೇನೋ ಕುಟ್ಟುತ್ತದಂತೆ, ಅಮ್ಮ ಹೇಳುತ್ತಾಳೆ.
ನನಗೇನೂ ಕೇಳಿಸದು.
ಆಯಿಲ್ ಪ್ರೆಶರಂತೂ ಚೆನ್ನಾಗಿದೆ, ನೋಡಿ,
ಅಪ್ಪ ಇದ್ದಾಗಿನಿಂದಲೂ ಮೂರೂವರೆ.
ಒಂದು ದಿನ ಇಳಿದದ್ದಿಲ್ಲ, ಏರಿದ್ದಿಲ್ಲ."

ಅಲ್ಲೇ ನನಗೆ ಅನುಮಾನ.
ಜೀವವಿರುವ ಎಂಜಿನ್ನಿನ ಮುಳ್ಳು ಹಾಗೆ ನಿಲ್ಲುವುದಿಲ್ಲ.
ಬೆಳಿಗ್ಗೆ ತಣ್ಣಗಿದ್ದಾಗ ಐದಕ್ಕೆ ನೆಗೆಯುತ್ತದೆ,
ಕಾದು ಸಿಗ್ನಲ್ಲಿನಲ್ಲಿ ನಿಂತಾಗ ಒಂದಕ್ಕೆ ಕುಸಿಯುತ್ತದೆ,
ಕಾಲು ಒತ್ತಿದರೆ ಮತ್ತೆ ಎದ್ದು ಬರುತ್ತದೆ.

ಕೀಲಿ ತಿರುಗಿಸಿದೆ. ಸ್ಟಾರ್ಟ್ ಮಾಡಲಿಲ್ಲ.
ಎಂಜಿನ್ ಕಲ್ಲಿನಂತೆ ಮಲಗಿದೆ.
ಮುಳ್ಳು ಮಾತ್ರ ಎದ್ದು
ಮೂರೂವರೆಯಲ್ಲಿ ನಿಂತಿತು,
ಹೊಸ್ತಿಲಲ್ಲೇ ಅಡ್ಡ ನಿಂತು
ಒಳಗೆ ಎಲ್ಲ ಸೌಖ್ಯ ಎನ್ನುವವರ ಹಾಗೆ.

ಡ್ಯಾಶ್‌ಬೋರ್ಡಿನ ಹಿಂದೆ, ಬೆರಳಿಗಷ್ಟೇ ಕಣ್ಣಿರುವ ಕತ್ತಲಲ್ಲಿ
ವೈರಿನ ಜಾಡು ಹಿಡಿದೆ.
ಸೆಂಡರಿಗೆ ಹೋಗಬೇಕಾದದ್ದು ಅರ್ಧದಲ್ಲೇ ತುಂಡು.
ತುದಿಗೆ ಬೆಸೆದ ರೆಸಿಸ್ಟರ್, ಹುರುಳಿಕಾಳಿನಷ್ಟು,
ಅದರ ಇನ್ನೊಂದು ಕಾಲು ಕಾರಿನ ತಗಡಿಗೆ.
ಮೇಲೆ ಬಟ್ಟೆಯ ಟೇಪು,
ಸುತ್ತು ಸುತ್ತಿಗೂ ಅಂಚು ಕೂಡಿಸಿ.
ಅವಸರದ ಕೈ ಅಲ್ಲ.

ಸೆಂಡರ್ ಬಿಚ್ಚಿ ಆ ತೂತಿಗೆ
ನನ್ನ ಹಳೆಯ ಹಿತ್ತಾಳೆ ಗೇಜು ತಿರುಗಿಸಿದೆ.
ಅದಕ್ಕೆ ವೈರಿಲ್ಲ, ದಾಕ್ಷಿಣ್ಯವೂ ಇಲ್ಲ.
ತಣ್ಣಗಿದ್ದಾಗ ನಾಲ್ಕು. ಇರಲಿ.
ಎಂಜಿನ್ ಓಡಲು ಬಿಟ್ಟು
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ.
ಮೂರು.
ಎರಡು.
ನೀವೆಸ್ ಎರಡನೆಯ ಸಿಗರೇಟು ಹಚ್ಚಿದಳು.
ಅರ್ಧಕ್ಕೂ ಕೆಳಗೆ ಬಂದು ನಡುಗತೊಡಗಿತು
ಬೇಸಿಗೆಯ ಬಾವಿಯಲ್ಲಿ ತಳ ಕೆರೆಯುವ ಕೊಡ.

ಎಣ್ಣೆಯೇ ತೆಳುವಾಗಿರಲಿ ಎಂದು ಆಸೆಪಟ್ಟೆ.
ಹಳೆಯದನ್ನು ಬಸಿದೆ, ದಪ್ಪನೆಯದು ಸುರಿದೆ, ಹೊಸ ಫಿಲ್ಟರ್ ಹಾಕಿದೆ.
ಏರಿದ್ದು ಒಂದು ಕೂದಲು.
ಹಳೆಯ ಫಿಲ್ಟರನ್ನು ಡಬ್ಬಿ ಕೊಯ್ದ ಹಾಗೆ ಕೊಯ್ದು
ಮಡಿಕೆ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದರೆ
ಕಾಗದದ ತುಂಬ ತಾಮ್ರದ ಮಿಣುಕು.
ಬೇರಿಂಗ್ ಸವೆದಿದೆ, ವರ್ಷಗಳಿಂದ.
ಯಾರಿಗೂ ಹೇಳದೆ.

ಹುರುಳಿಕಾಳನ್ನು ಅಂಗೈಯಲ್ಲಿಟ್ಟು ಕೇಳಿದೆ,
"ಯಾರು ಮಾಡಿದ್ದು ಇದನ್ನ?"

"ಅತ್ತೀಲಿಯೊ," ಎಂದಿತು ಕಾರಿನೊಳಗಿನ ದನಿ.
"ಮುಳ್ಳು ಚೂರು ಇಳಿದರೂ ನಾನು
ನಿಲ್ಲಿಸು, ನಿಲ್ಲಿಸು ಅನ್ನುತ್ತಿದ್ದೆ.
ಸಾನ್ ರೇಮೊವರೆಗೆ ಹೋಗಿ ಬಂದರೂ
ಸಮುದ್ರ ಕಂಡವಳಲ್ಲ.
ಒಂದು ಭಾನುವಾರದಿಂದ ಇಳಿಯುವುದು ನಿಂತಿತು."

"ನಿನಗೆ ಗೊತ್ತಿತ್ತಾ?"

"ಪೆಟ್ರೋಲ್ ಬಂಕಿನಲ್ಲಿ ಎಂಜಿನ್ ಆರಿಸಿದ್ದ,
ರೇಡಿಯೊ ಹಾಡುತ್ತಿತ್ತು, ಮುಳ್ಳು ಮೂರೂವರೆ.
ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದವಳು ನಾನು,
ನಿಂತ ಚಕ್ರ ನೂಲು ಎಳೆಯದು ಅಂತ ತಿಳಿಯದೆ?
ಪಾಪ, ಅಷ್ಟು ಕಷ್ಟಪಟ್ಟು ಸುಳ್ಳು ಹೆಣೆದಿದ್ದ.
ಆಮೇಲೆ ಸಮುದ್ರ ನೋಡಿದೆ.
ಕಿವಿ ಮಾತ್ರ ಎಂಜಿನ್ನಿನ ಮೇಲೇ ಇಟ್ಟೆ."

ನೀವೆಸ್ ಸಿಗರೇಟು ಹೊಸಕಿ
ಅದನ್ನೇ ಮತ್ತೆ ಹೊಸಕಿದಳು.

ಎಂಜಿನ್ ಇಳಿಸಬೇಕು, ಎಂದೆ. ಮಾರ್ಚಿನವರೆಗೆ ಕೆಲಸ.
ಹೊಸ ಬೇರಿಂಗ್, ಹೊಸ ಸೆಂಡರ್.
ಇನ್ನು ಮುಳ್ಳು ಏರುತ್ತದೆ, ಇಳಿಯುತ್ತದೆ, ಹೆದರಬೇಡಿ.
ಇದನ್ನೇನು ಮಾಡಲಿ?

ಯೊಲಾಂದಾ ಕೈಚೀಲದ ಬಾಯಿ ತೆರೆದು ಹಿಡಿದರು.
ಸೀಟಿನಿಂದ ಇನ್ನೂ ಇಳಿದಿರಲಿಲ್ಲ.