ಮೂವತ್ತೇಳನೆಯ ನಂಬರಿನ ಬೂಟು

ಬೂಟು ತಿರುಗಿಸಿ ನೋಡಿದರೆ ಸಾಕು, ಹೇಳಿಬಿಡುತ್ತೇನೆ
ಯಾರು ಎಲ್ಲಿಯವರೆಗೆ ಹೋಗಿದ್ದರೆಂದು.
ಅಂಚಿಗೆ ಕರಿಮಣ್ಣು, ಲೇಸಿನಲ್ಲಿ ಸ್ಪ್ರೂಸ್ ಮರದ ಎಲೆಸೂಜಿ:
ಕಾಡಿನ ಸೇತುವೆಯಿಂದಲೇ ವಾಪಸು.
ಅಟ್ಟೆಯ ಗೀರುಗಳಲ್ಲಿ ಬೂದಿಬಣ್ಣದ ಕಲ್ಲುಪುಡಿ, ಮೂತಿ ಕೆತ್ತಿಹೋಗಿದ್ದರೆ
ಅಲಾ-ಕುಲ್ ನೋಡಿ, ಘಟ್ಟದ ನೆತ್ತಿ ದಾಟಿದ ಪುಣ್ಯವಂತರು.
ಗಂಧಕದ ವಾಸನೆಯೇ?
ಬಿಸಿನೀರ ಬುಗ್ಗೆಗೆ ಬೂಟುಗಾಲಲ್ಲೇ ಇಳಿದ ಯಾವನೋ ಪೆದ್ದ.

ನಮ್ಮೂರು ಕರಕೋಲ್.
ಒಂದು ಕಾಲಕ್ಕೆ ದಂಡು ಬಿಟ್ಟಿದ್ದ ಜಾಗ, ಆಮೇಲೆ ವ್ಯಾಪಾರಿಗಳದ್ದು.
ಮೊಳೆಯಿಲ್ಲದೆ ಕಟ್ಟಿದ ಮರದ ಮಸೀದಿ ಇದೆ,
ಕೆಲವು ಬೀದಿಯಾಚೆ ಮರದ್ದೇ ಇಗರ್ಜಿ.
ನಮ್ಮ ಅಂಗಡಿ, ಯಾವನೋ ರಷ್ಯನ್ ಉಣ್ಣೆಸಾಹುಕಾರನ ಮನೆ.
ಅವನು ತಕ್ಕಡಿ ತೂಗುಹಾಕುತ್ತಿದ್ದ ಕೊಕ್ಕೆಗೆ
ಈಗ ಸ್ಲೀಪಿಂಗ್ ಬ್ಯಾಗುಗಳು ಜೋತುಬಿದ್ದಿವೆ,
ತಲೆಕೆಳಗಾದ ಬಾವಲಿಗಳ ಹಾಗೆ.

ಬರುವವರಿಗೆ ಇದು ಊರಲ್ಲ, ಹೊಸಿಲು.
ಎರಡು ರಾತ್ರಿ. ಒಂದು ಬಟ್ಟಲು ತಣ್ಣನೆಯ ಖಾರದ ಅಶ್ಲ್ಯಾನ್-ಫು,
ಒಂದು ಗ್ಯಾಸ್ ಡಬ್ಬಿ, ಒಂದು ನಕಾಶೆ.
"ಮಸೀದಿ ಬಂದಮೇಲೆ ನೋಡೋಣ" ಅನ್ನುತ್ತಾರೆ.
ಬಂದಮೇಲೆ ನಿದ್ದೆ. ನಿದ್ದೆಯಾದ ಮೇಲೆ ಬಸ್ಸು.

ಅವರ ಪಾಸ್‌ಪೋರ್ಟುಗಳೆಲ್ಲ ತಾಯೆನೆಯ ಹಲ್ವಾಡಬ್ಬಿಯಲ್ಲಿ, ಅಡವು.
ನನ್ನ ಅಮ್ಮನ ಅಮ್ಮ ಅವಳು, ಹೆಸರು ಬುರುಲ್ಚಾ.
ರಾತ್ರಿ ಮುಚ್ಚಳ ತೆಗೆದು ಎಣಿಸುತ್ತಾಳೆ:
"ಏಳು ದೇಶ! ಒಂದೂ ಜಗಳ ಆಡುತ್ತಿಲ್ಲ ನೋಡೆ."

ನನ್ನ ಕೆಲಸ ಬೂಟು ತೊಳೆಯುವುದು, ಬುದ್ಧಿ ಹೇಳುವುದು.
"ಕೊನೆಯ ಏರು ಜಾರುತ್ತದೆ, ಕೋಲು ತಗೊಳ್ಳಿ."
"ಮಧ್ಯಾಹ್ನದ ಮೇಲೆ ಮೋಡ ನಂಬಬೇಡಿ."
ಇಳಿದುಬಂದವರ ಬಾಯಿಂದ ಹೆಕ್ಕಿ
ಏರುವವರ ಕಿವಿಗೆ ಹಾಕಿ ಹನ್ನೊಂದು ವರ್ಷ.
ಆ ಸಲ ಒಬ್ಬ ಚೆಕ್ ಹೆಂಗಸು, ಕನ್ನಡಕ ಒರೆಸುತ್ತ ಕೇಳಿದಳು:
"ನೀನು ಹೋದಾಗ ಸರೋವರ ಯಾವ ಬಣ್ಣ ಇತ್ತು?"
"ಹಸಿರು" ಅಂದೆ, ತಡವರಿಸದೆ.

ನೀನು ಹೋದಾಗ.
ಬೂಟಿನೊಳಗೆ ಸಿಕ್ಕ ಹರಳಿನ ಹಾಗೆ ಆ ಮಾತು
ಬೇಸಿಗೆಯಿಡೀ ಚುಚ್ಚಿತು.

ಸೆಪ್ಟೆಂಬರಿನ ಕೊನೆ. ಗಿರಾಕಿ ತೆಳುವಾಯಿತು.
ಯಾರೂ ಕೇಳದ ಮೂವತ್ತೇಳನೆಯ ನಂಬರಿನ ಜೊತೆ ಕೆಳಗಿಳಿಸಿ
"ನಾನು ತಗೊಳ್ಳುತ್ತೇನೆ" ಅಂದೆ.
ತಾಯೆನೆ ತಲೆಯೆತ್ತಲಿಲ್ಲ. "ಅಡವು?"
ನನಗೆಲ್ಲಿಯ ಪಾಸ್‌ಪೋರ್ಟು!
ಒಂದು ಕಿವಿಯ ಓಲೆ ಬಿಚ್ಚಿಟ್ಟೆ.
ಲೆಡ್ಜರಿನಲ್ಲಿ ಬರೆದಳು: ಕುಂದುಜ್, ಮೂವತ್ತೇಳು, ಮೂರು ದಿನ.
ಆಮೇಲೆ, ಬರೆಯದೆ, ಜೇಬಿಗೆ ಎರಡು ರೊಟ್ಟಿ ತುರುಕಿದಳು.

ಎಸೆನ್ ಮಾವನ ಹಳೆಯ ಮಿಲಿಟರಿ ಟ್ರಕ್ಕು
ಬೆನ್ನುಮೂಳೆ ಎಣಿಸಿ ಎಣಿಸಿ ಕಾಡಿನ ಬಾಯಿಗೆ ಇಳಿಸಿತು.
ಎರಡನೆಯ ಗಂಟೆಗೆ ಬೂಟು ಕಚ್ಚಿತು.
ನಾನೇ ನೂರು ಜನಕ್ಕೆ ಹೇಳಿದ್ದೆ, ಎರಡು ಕಾಲುಚೀಲ ಹಾಕಿ ಎಂದು.
ಮರುದಿನ ಜಲ್ಲಿಕಲ್ಲಿನ ಏರು,
ಮೂರು ಹೆಜ್ಜೆಗೆ ಎರಡು ಹೆಜ್ಜೆ ಬೆಟ್ಟ ವಾಪಸು ತೆಗೆದುಕೊಳ್ಳುತ್ತದೆ,
ತಾಯೆನೆಯ ಹಾಗೆಯೇ, ಬಡ್ಡಿ.
ಕೂತೆ. ಅತ್ತೆ. ಮೂಗು ಒರೆಸಿಕೊಂಡೆ.
ಅಂಡೂರಿಕೊಂಡೇ ಒಂದಷ್ಟು ದೂರ.

ಸರೋವರ ಹಸಿರಾಗಿರಲಿಲ್ಲ.
ಮೋಡ ಕವಿದು ಬೂದಿಬಣ್ಣ,
ತೊಳೆದ ಬೂಟಿನ ಬಕೀಟಿನಲ್ಲಿ ಉಳಿಯುವ ನೀರಿನ ಹಾಗೆ.
ನನಗೆ ಗುರುತು ಹತ್ತಿತು.
ಎಷ್ಟು ವರ್ಷ ಅಂಗಳಕ್ಕೆ ಚೆಲ್ಲಿದ್ದೇನೆ ಇದನ್ನು,
ಅಮ್ಮನ ಸೇಬುಗಿಡದ ಬುಡಕ್ಕೆ!
ಹಿಂದೆ ತಿರುಗಿದರೆ ಊರೂ ಇಲ್ಲ, ಮಸೀದಿಯೂ ಇಲ್ಲ,
ಬರೀ ಇನ್ನೊಂದು ಬೆಟ್ಟ.

ಮೂರನೆಯ ಸಂಜೆ ತಾಯೆನೆ ಬೂಟು ತಿರುಗಿಸಿದಳು.
ಗೀರಿನ ಕಲ್ಲುಪುಡಿಯನ್ನು ಉಗುರಿಂದ ಕೆರೆದು
ದೀಪಕ್ಕೆ ಹಿಡಿದು ತುಂಬ ಹೊತ್ತು ನೋಡಿದಳು.
ಓಲೆ ವಾಪಸು ಕೊಟ್ಟಳು.
ಹರಿದ ಲೇಸಿಗೆ ನಲವತ್ತು ಸೋಮ್ ಹಿಡಿದುಕೊಂಡಳು.

ಜೂನಿನ ಮೊದಲ ಗಿರಾಕಿ ಕೇಳಿದ, ಯಾವ ಬಣ್ಣ?
"ಬೂದಿ" ಅಂದೆ.
ನಕ್ಕ. ಫೋನು ತೆಗೆದು ತೋರಿಸಿದ, ಪಚ್ಚೆಹಸಿರು:
"ನೀವು ಹೋಗಿಲ್ಲ ಅಲ್ವಾ?"

ನಲವತ್ತಮೂರು ನಂಬರಿನ ಜೊತೆ ಕೆಳಗಿಳಿಸಿದೆ.
ಎರಡು ಕಾಲುಚೀಲ ಹಾಕಿ, ಅಂದೆ.