ಟಿ ಗುರುತು ಇರುವ ತನಕ

ಭತ್ತದ ಲಾರಿ ಹೋದಾಗಲೆಲ್ಲ ಮಾನಿಟರು ಸಣ್ಣಗೆ ನಡುಗುವ
ಸಿಂಧನೂರಿನ ಈ ಫ್ಲೆಕ್ಸ್ ಅಂಗಡಿಯಲ್ಲಿ
ಹನ್ನೊಂದು ವರ್ಷದಿಂದ ಅಕ್ಷರ ಕೂರಿಸುತ್ತಿದ್ದೇನೆ.
ಚದರಡಿಗೆ ಹನ್ನೆರಡು ರೂಪಾಯಿ.
ತಿದ್ದುಪಡಿ ಪುಕ್ಕಟೆ, ಎರಡೇ ಸಲ ಮಾತ್ರ
ಎಂದು ಗೋಡೆಗೆ ಹಚ್ಚಿದ್ದೇನೆ. ಯಾರೂ ಓದುವುದಿಲ್ಲ.

ಆಕೆ ಕ್ಯಾಂಪಿನಿಂದ ಬಂದವಳು.
'ದುರುಗಪ್ಪಾ, ಮೀನೂಟದ ಹೋಟೆಲ್ ತೆಗಿತೀನಿ.
ಎಂಟಕ್ಕ ಮೂರು ಬೋರ್ಡು. ಒಂದು ರೋಹು ಹಾಕು,
ಕಣ್ಣು ನಮ್ಮ ಕಡೆ ನೋಡಬೇಕು.
ಕೆಳಗ ನನ್ನ ಹೆಸರು.'

'ಮಿನತಿ ಮಂಡಲ್' ಕೂರಿಸಿದೆ.
ತುಟಿಯಲ್ಲೇ ಓದಿ ಅಂದಳು:
'ಇಕಿ ರೇಷನ್ ಕಾರ್ಡಿನಾಕಿ.'

'ಮೀನತಿ' ಎಂದು ದೀರ್ಘ ಎಳೆದೆ.
'ಇದು ಸಾಲಿ ಮಾಸ್ತರು ಇಟ್ಟಿದ್ದು.
ಮೀನು ಮೀನು ಅಂತ ಹುಡುಗರು ನಗತಿದ್ರು.'

'ಮಿನೊತಿ'?
'ಅವ್ವ ಹಿಂಗ ಕರಿತಾಳ. ಅಲ್ಲ, ಇಷ್ಟು ಅಲ್ಲ,
ಬಾಯಿ ಇನ್ನಾ ಸ್ವಲ್ಪ ಕಡಿಮಿ ದುಂಡಗ.'
ಅ ಮತ್ತು ಒ ನಡುವೆ ಒಂದು ಸ್ವರವಿದೆಯಂತೆ.
ನನ್ನ ಕೀಲಿಮಣೆಯಲ್ಲಿ ಅದಕ್ಕೆ ಗುಂಡಿಯಿಲ್ಲ.

ಪದರಗಳ ಪಟ್ಟಿಯಲ್ಲಿ, ಪುಟ್ಟ ಚೌಕದೊಳಗೆ
ಟಿ ಗುರುತು ಇರುವ ತನಕ ಅಕ್ಷರಕ್ಕೆ ಉಸಿರಿದೆ.
ಎರಡು ಸಲ ಒತ್ತಿದರೆ ಕರ್ಸರ್ ಮಿಣುಕುತ್ತದೆ,
ಕಾಗುಣಿತ ಮತ್ತೆ ಬಾಯಿ ತೆರೆಯುತ್ತದೆ.
ಆನೆಯಷ್ಟು ಹಿಗ್ಗಿಸಿದರೂ ಅಂಚು ಬೆಣ್ಣೆ.
ರಾಸ್ಟರೈಸ್ ಒತ್ತಿದೆವೋ, ಅಕ್ಷರ ಚಿತ್ರ.
ಓದಬಹುದು, ತಿದ್ದಲಾಗದು.
ಹಿಗ್ಗಿಸಿದರೆ ಅಂಚಿಗೆ ಗರಗಸದ ಹಲ್ಲು.
ಪದರಗಳನ್ನು ಒಂದಾಗಿಸಿದ ಮೇಲಂತೂ
ಒಂದು ಕೊಂಬು ಅಳಿಸಲು ಹಿಂದಿನ ಆಕಾಶವನ್ನೂ ಕೆರೆಯಬೇಕು.

ನನಗೆ ಗೊತ್ತು. ಒಂದು ಚುನಾವಣೆಯ ವರ್ಷ
ಶುಭಾಶಯದ ಹೊಟ್ಟೆಯಲ್ಲಿ ಷ ಕೂತು
ನಲವತ್ತು ಬ್ಯಾನರು ಊರೆಲ್ಲ ತೂಗಿದವು.
ಹದಿನೈದು ದಿನ ಆ ರಸ್ತೆಗೆ ನಾನು ಬೈಕು ತಿರುಗಿಸಲಿಲ್ಲ.
ಅರ್ಧ ಗಂಟೆ ಬಸ್ಸು ಹಿಡಿದರೆ ಮಸ್ಕಿ,
ಅಲ್ಲಿ ಬಂಡೆಯ ಮೇಲೆ ರಾಜನೊಬ್ಬನ ಹೆಸರಿದೆ.
ಉಳಿ ಹಿಡಿದವನ ಕೈ ನಡುಗಿತ್ತೋ ಏನೋ,
ಅವನಿಗೆ ಹಿಂದಕ್ಕೆ ಹೋಗುವ ಗುಂಡಿ ಇರಲಿಲ್ಲ.

'ಅಜ್ಜಂದೂ ಹಂಗ,' ಎಂದಳು ಸ್ಟೂಲು ಎಳೆದುಕೊಂಡು.
'ಕ್ಯಾಂಪಿಗೆ ಬಂದ ದಿನ ಗುಮಾಸ್ತನ ಕಿವಿಗೆ
ಎಷ್ಟು ಕೇಳಿತೋ ಅಷ್ಟು ಬರೆದ.
ಅಷ್ಟೇ ಆಗಿ ಸತ್ತ.'

ಕರೆಂಟು ಹೋಯಿತು. ಯುಪಿಎಸ್ ಕೂಗತೊಡಗಿತು.
'ಅಕ್ಕಾ, ಪ್ರಿಂಟಿಂಗ್ ಮಷೀನಿನಲ್ಲಿ ಈ ಫಾಂಟ್ ಇಲ್ಲ.
ಹಂಗೇ ಕಳಿಸಿದರೆ ಹಳದಿ ತ್ರಿಕೋನ ತೋರಿಸಿ
ಒತ್ತಕ್ಷರ ಎಲ್ಲಾ ಪಕ್ಕಕ್ಕೆ ತಳ್ಳುತ್ತೆ.
ಚಿತ್ರ ಮಾಡಿಯೇ ಕಳಿಸಬೇಕು.
ಯಾವುದು, ಹೇಳಿಬಿಡ್ರಿ.'

ರೋಹುವಿನ ಕಣ್ಣನ್ನೇ ನೋಡುತ್ತಿದ್ದಳು.
'ಮೀನತಿ ಇರಲಿ ಬಿಡು.
ಹೋಟೆಲೇ ಮೀನಿಂದು.
ನಗೋರು ಉಂಡು ನಗಲಿ.'

ನಕಲು ಮಾಡಿ, ನಕಲನ್ನು ಕರಗಿಸಿ, ಕಳಿಸಿದೆ.
ಮೆಟ್ಟಿಲು ಇಳಿದವಳು ತಿರುಗಿ ಅಂದಳು:
'ಆ ಇನ್ನೊಂದು ಅಳಿಸಬ್ಯಾಡ.
ಅವ್ವನ್ನ ಕರಕೊಂಡು ಬರತೀನಿ.'

ರಾತ್ರಿ ಶಟರ್ ಅರ್ಧ ಎಳೆದ ಮೇಲೆ
ಮೂಲ ಫೈಲು ತೆರೆದೆ. ಟಿ ಇನ್ನೂ ಇದೆ.
ಮಿನೊತಿ ಎಂದೆ. ಮಿನತಿ ಎಂದೆ.
ಬಾಯಿ ಇನ್ನಷ್ಟು ಕಡಿಮೆ ದುಂಡಗೆ ಮಾಡಿ ನೋಡಿದೆ.
ಲಾರಿಯೊಂದು ಹೋಯಿತು. ನ ಪಕ್ಕದಲ್ಲಿ
ಕರ್ಸರ್ ಮಿಣುಕುತ್ತಲೇ ಇತ್ತು.