ಎಡಗಡೆ ಸ್ಪೀಕರು

ಎರಡಽ ಸೀಟು. ಹಿಂದ ಕೂಡಾಕ ಜಾಗಾನಽ ಇಲ್ಲ.
ತೊಂಬತ್ತೊಂಬತ್ತರ ಮಾಡೆಲ್ಲು, ಬಣ್ಣ ಒಂದು ಕಾಲಕ್ಕ ಕೆಂಪು,
ಈಗ ಕುಂಕುಮ ತೊಳದ ನೀರು.
ಕಾಟನ್ ಮಾರ್ಕೆಟ್ಟಿನ ಹಿಂದಿನ ಓಣ್ಯಾಗ ತಿರಗೂಮುಂದ
ನೆಲಕ್ಕ ಹೊಟ್ಟಿ ಹತ್ತಿ ಗರ್ ಅಂತು.

ಶಿರಗುಪ್ಪಿ ವಕೀಲರು ಇಳಿಯೂದಂದ್ರ
ಬಾವ್ಯಾಗಿಂದ ಕೊಡ ಎತ್ತಿದಂಗ:
ಮೊದಲ ಒಂದು ಕಾಲು, ಆಮ್ಯಾಲೆ ಹೊಟ್ಟಿ, ಆಮ್ಯಾಲೆ ನಿಟ್ಟುಸಿರು.
"ದಾವಲಣ್ಣಾ, ಕಂಪನಿಯವರು ಕೊಟ್ಟ ಸೆಟ್ ತಗದು ಹೊಸಾದು ಹಾಕು.
ಆದರ ಡ್ಯಾಶ್‌ಬೋರ್ಡು ಕೊರೀಬ್ಯಾಡ.
ಕೊರದರ ಕೇಸ್ ಹಾಕತೀನಿ."
ನಕ್ಕರು. ನಾನೂ ನಕ್ಕೆ.
ಅದು ಪೂರಾ ಚ್ಯಾಷ್ಟಿ ಅಲ್ಲಂತ ಇಬ್ಬರಿಗೂ ಗೊತ್ತಿತ್ತು.

ಕ್ಯಾಸೆಟ್ ಪ್ಲೇಯರು ಹಲ್ಲು ಕಿತ್ತಂಗ ಬಂತು.
ಹಿಂದ ವಾಯರಿನ ಗೂಡು. ಯಾರೋ ಪುಣ್ಯಾತ್ಮ
ಸೋಲ್ಡರ್ ಬಿಟ್ಟು ಸಿಗರೇಟಿನ ಬೆಳ್ಳಿಹಾಳಿ ಸುತ್ತಿದ್ದ.
"ಇಷ್ಟು ವರ್ಷ ಹೆಂಗ ಸುಡಲಿಲ್ರೀ ಇದು, ಕಾಕಾ?"
ರೋಹಿಣಿ, ಮೆಹರವಾಡೆಯವರ ಹುಡುಗಿ, ಐಟಿಐ ಆಗಿ
ಎಂಟು ತಿಂಗಳಾತು ನನ್ನ ಕಡೆ.
ನನಗಿಂತ ಸಣ್ಣ ಬೆರಳು, ನನಗಿಂತ ದೊಡ್ಡ ಬಾಯಿ.

ಎಡಬಾಗಲದ ರಟ್ಟು ಬಿಚ್ಚಿದಾಗ ಮಾತ್ರ ಇಬ್ಬರೂ ಸುಮ್ಮನಾದಿವಿ.
ಮಳಿನೀರು ಇಳದಿಳದು ಸ್ಪೀಕರಿನ ಕಾಗದ
ನೆನದ ಗಿರಮಿಟ್ಟಿನ ಪೊಟ್ಟಣ ಆಗಿತ್ತು.
ಬೆರಳು ಹಚ್ಚಿದ್ದಕ್ಕಽ ಉದುರಿತು.
"ಸಾಹೇಬರ, ಇದು ಸತ್ತು ಹತ್ತು ವರ್ಷ ಆಗೇತಿ."
"ಹೌದನು? ನನಗ ಕೇಳಸ್ತಿತ್ತಲ್ಲೋ!"

ಕೇಳಸ್ತಿತ್ತು. ಯಾಕ ಕೇಳಸಬಾರದು?
ಬಲಕ್ಕ ಕೂಡವರು ಅವರು. ಕೇಶ್ವಾಪುರದಿಂದ ಧಾರವಾಡದ ಕೋರ್ಟಿಗೆ,
ಕೋರ್ಟಿನಿಂದ ಕೇಶ್ವಾಪುರಕ್ಕ.
ಎಡಗಡೆ ಸೀಟಿನ್ಯಾಗ ಕೂಡತಿದ್ದದ್ದು
ಫೈಲು, ಕರೀ ಕೋಟು, ಒಂದೊಂದು ದಿನ ಬದನಿಕಾಯಿ.

ನಾ ಏನೂ ಅನಲಿಲ್ಲ.
ನನ್ನ ಎಡಗಿವಿ ಹೋಗಿ ಆರು ವರ್ಷ.
ಲಾರಿ ಹಾರ್ನು, ಟ್ರ್ಯಾಕ್ಟರಿನ ಬಾಸು, ಗಣಪತಿ ಹಬ್ಬಕ್ಕ
ಒಂದರ ಮ್ಯಾಲೊಂದು ಹನ್ನೆರಡು ಡಬ್ಬಿ,
ಎಲ್ಲಾಕೂ ಮೊದಲು ಕಿವಿ ಕೊಟ್ಟವ ನಾನಽ.
ಡಾಕ್ಟರು ಕಾಗದದ ಮ್ಯಾಲೆ ಗೀಟು ಎಳದು ತೋರಿಸಿದ್ರು:
ಉಣಕಲ್ ಗುಡ್ಡ ಇಳದಂಗ ಇಳದು
ಕೆರ್ಯಾಗ ಬಿದ್ದಿತ್ತು ಗೀಟು.
ಬಾಗಲದ ಮ್ಯಾಲೆ ಬೋರ್ಡು ಇನ್ನೂ ಐತಿ: ದಾವಲ್ ಸೌಂಡ್ಸ್.

ಸಂಜಿ ಆರಕ್ಕ ಎಲ್ಲಾ ಕೂಡಿತು. ಕೊರೀಲಿಲ್ಲ.
ಹಳೇ ಕಿಂಡ್ಯಾಗ ಹೊಸ ಸೆಟ್ಟು,
ಸೀಟಿನ ಕೆಳಗ ಅಂಗೈಯಷ್ಟು ಆಂಪ್ಲಿಫೈಯರು.
ಎಂಜಿನ್ ಏರಿದಂಗ ಒಂದು ನೊಣ ಕುಂಯ್ ಅಂತೈತಿ ಅಂದ್ಲು ರೋಹಿಣಿ.
ತುಕ್ಕು ತಿಕ್ಕಿ, ಅರ್ಥಿಂಗು ಬರೇ ಕಬ್ಬಿಣಕ್ಕ ಬಿಗದೆ.
ಹೋತು, ಅಂದ್ಲು.

ಟೆಸ್ಟಿಗೆ ನಾ ಹಾಡು ಹಾಕೂದಿಲ್ಲ. ತಂಬೂರಿ ಹಾಕತೀನಿ, ಬರೇ ತಂಬೂರಿ.
ಹಾಡು ಪೆಟ್ಟಿಗಿ ತಪ್ಪು ಮುಚ್ಚತೈತಿ, ತಂಬೂರಿ ಮುಚ್ಚೂದಿಲ್ಲ.
ನಾ ಬಲಕ್ಕ ಕುಂತೆ, ಸ್ಟೇರಿಂಗಿನ ಹಿಂದ.
ಮುದುಕಗ ಗಾಡಿ ಹೊಡಿಯೋ ಆಸೆ ಅಂತ ತಿಳಕೊಂಡರು ವಕೀಲರು.
ರೋಹಿಣಿ ಎಡಕ್ಕ ಕುಂತ್ಲು.
ಬಲಗಡೇದು ನಾ ಕೇಳಿದೆ.
ಎಡಗಡೇದು ಆಕಿ ಹುಬ್ಬಿನ್ಯಾಗ ನೋಡಿದೆ.

ಹುಬ್ಬು ಗಂಟಾದರ ಟ್ರೆಬಲ್ ಇಳಿಸು.
ಗಂಟು ಬಿಟ್ಟರೂ ತುಟಿ ಒಂಚೂರು ಓರೆ, ಇನ್ನೊಂದು ಕಡ್ಡಿ ಇಳಿಸು.
ದೂರ ಚಿಗರಿ ಬಸ್ಸು ಹಾರ್ನ್ ಹೊಡೀತು,
ಅದು ಸುಳ್ಳು ಹುಬ್ಬು, ಲೆಕ್ಕಕ್ಕಿಲ್ಲ, ತಡಿ.
ಆಮ್ಯಾಲೆ ಆಕಿ ಕಣ್ಣು ಮುಚ್ಚಿದ್ಲು.
ಕೈ ತಗದೆ.

ವಕೀಲರು ಕುಂತರು, ಕೇಳಿದ್ರು. ಭಾಳ ಹೊತ್ತು ಮಾತಿಲ್ಲ.
"ಎಡಕ್ಕ ಯಾರೋ ಬಂದು ಕುಂತಂಗ ಆಗತೈತಲ್ಲೋ" ಅಂದು,
ಮೇಲೆ ಎರಡು ನೂರು ಕಡಿಮಿ ಕೊಟ್ಟು,
ಗರ್ ಅಂತ ಹೊಟ್ಟಿ ಹಚ್ಚಿಕೋತ ಹೋದರು.

ಹರಿದ ಸ್ಪೀಕರು ಇನ್ನೂ ಬೆಂಚಿನ ಮ್ಯಾಲಿತ್ತು.
ಅಯಸ್ಕಾಂತ ಮಾತ್ರ ಗಟ್ಟಿ, ಸ್ಕ್ರೂ ಹಿಡಕೊಂಡು ಕುಂತಿತ್ತು.
"ಇದನ್ನ ಗುಜರಿಗೆ ಹಾಕಲೇನ್ರೀ ಕಾಕಾ?"
ಕಸಬರಗಿ ಬಿಟ್ಟು, ನನ್ನ ಸುತ್ತು ಹಾಕಿ,
ಬಲಗಡೆ ಬಂದು ನಿಂತು ಕೇಳಿದ್ಲು.

ಯಾವಾಗ್ಲೂ ಬಲಗಡೇನಽ ಬಂದು ನಿಂದರತಾಳ.
ಯಾವಾಗಿನಿಂದ ಅಂತ
ಶಟರ್ ಎಳಿಯೂತನಕ ನೆನಸ್ಕೋತ ನಿಂತೆ.